ಪಕ್ಕದ ಊರಿನ ದೆವ್ವ

ದೆವ್ವ ಉಂಟೆ, ಇಲ್ಲವೆ ಎಂದು ತಮ್ಮನ್ನು ಕೇಳುವ ಉದ್ದೇಶ ನನಗಿಲ್ಲ. ಆ ಪ್ರಶ್ನೆ ಎತ್ತಿದರೆ ಮಾತು ಬೆಳಗಿನವರೆಗೂ ನಡೆಯುತ್ತದೆ. ಕೊನೆಗೆ ಇಲ್ಲವೆಂದು ಸಾಧಿಸಿದವರೇ ಮನೆಗೆ ಹೋಗಲು ಜೊತೆ ಹುಡುಕುತ್ತಾರೆ. ನಾನು ಕೇಳುವುದು ಬೇರೆ. ಕೈಯಿಂದ ಕಾಸು ಕೊಟ್ಟು, ಟಿಕೇಟು ಕೊಂಡು, ಕತ್ತಲಲ್ಲಿ ಕುಳಿತು ಹೆದರಿಕೊಂಡು ಬರುವ ಚಪಲ ತಮಗೆ ಉಂಟೆ? ನನಗೆ ಉಂಟು. ಮಾಗಡಿ ಸೀಮೆಯ ಸೋಲೂರಿನವನಾದ ನಾನು ದೆವ್ವದ ಚಿತ್ರ ಬಂದಿದೆ ಎಂದು ಕೇಳಿದರೆ ಸಾಕು, ನೆಲಮಂಗಲಕ್ಕೋ ಬೆಂಗಳೂರಿಗೋ ಬಸ್ಸು ಹತ್ತಿಬಿಡುತ್ತಿದ್ದೆ. ರಾತ್ರಿಯ ಆಟ ಮುಗಿಸಿ, ಹಾಸನದ ಕಡೆಗೆ ಹೋಗುವ ಬಸ್ಸಿನಿಂದ ಹೆದ್ದಾರಿಯಲ್ಲಿ ಇಳಿದು, ಮನೆಯವರೆಗಿನ ಎರಡು ಫರ್ಲಾಂಗು ನಡೆಯುವಾಗ ಚಿತ್ರದ ಯೋಗ್ಯತೆ ಗೊತ್ತಾಗುತ್ತಿತ್ತು. ವಿಮರ್ಶಕರು ನಕ್ಷತ್ರ ಕೊಡುತ್ತಾರೆ. ನನ್ನ ಲೆಕ್ಕ ಸುಲಭವಾದದ್ದು: ಎಷ್ಟು ಬೇಗ ಮನೆ ಮುಟ್ಟಿದೆನೋ ಅಷ್ಟು ಒಳ್ಳೆಯ ಚಿತ್ರ.

ಈ ಪತ್ರಿಕೆಯ ಓದುಗರು ಬಾನುಲಿಯ ಕೇಳುಗರೂ ಹೌದಾದ್ದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡಬಹುದು. ಹೆದರುವುದು ಕಣ್ಣಲ್ಲ, ಕಿವಿ. ಬೇಕಾದರೆ ಪರೀಕ್ಷಿಸಿ ನೋಡಿ. ಮನೆಯ ಟೆಲಿವಿಷನ್ನಿನಲ್ಲಿ ದೆವ್ವದ ಚಿತ್ರ ಬರುತ್ತಿರುವಾಗ ಧ್ವನಿಯನ್ನು ಪೂರ್ತಿ ತಗ್ಗಿಸಿ. ಬಿಳಿಯ ಸೀರೆಯುಟ್ಟು ಕೂದಲು ಕೆದರಿಕೊಂಡ ಹೆಂಗಸು ಯಾವುದೋ ಬಸ್ಸು ತಪ್ಪಿಸಿಕೊಂಡವಳಂತೆ ಕಾಣುತ್ತಾಳೆ. ಈಗ ಧ್ವನಿ ಏರಿಸಿ ತೆರೆಗೆ ಬೆನ್ನು ತಿರುಗಿಸಿ ಕುಳಿತುಕೊಳ್ಳಿ. ಬಾಗಿಲ ಕಿರುಗುಟ್ಟು, ಗೆಜ್ಜೆಯ ಸದ್ದು, ಆಮೇಲೆ ಸದ್ದೇ ಇಲ್ಲದ ನಾಲ್ಕು ಗಳಿಗೆ. ಆಗ ತಿರುಗಿ ನೋಡದೆ ಕುಳಿತಿರಬಲ್ಲಿರಾ? 1960ರ ‘ಸೈಕೋ’ ಚಿತ್ರದಲ್ಲಿ ಸ್ನಾನದ ಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದು ನಿರ್ದೇಶಕ ಹಿಚ್‌ಕಾಕ್ ಮೊದಲು ಹೇಳಿದ್ದರಂತೆ. ಸಂಗೀತಗಾರ ಬರ್ನಾರ್ಡ್ ಹರ್ಮನ್ ಆ ಮಾತನ್ನು ಕೇಳದೆ ಬರಿಯ ತಂತಿವಾದ್ಯಗಳನ್ನು ಚೀರಿಸಿ ಕೇಳಿಸಿದಾಗ ಹಿಚ್‌ಕಾಕ್ ಒಪ್ಪಿಕೊಂಡರು. ಇಂದು ಆ ದೃಶ್ಯವನ್ನು ನೋಡದವರಿಗೂ ಆ ಚೀರು ಗೊತ್ತು.

ಅದೇ ‘ಸೈಕೋ’ವನ್ನು 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಎಂಬ ನಿರ್ದೇಶಕರು ಮತ್ತೆ ತೆಗೆದರು. ಹೆಚ್ಚು ಕಡಿಮೆ ದೃಶ್ಯಕ್ಕೆ ದೃಶ್ಯ, ಮಾತಿಗೆ ಮಾತು ಅದೇ, ಸಂಗೀತವೂ ಹರ್ಮನ್ನರದೇ. ಬಣ್ಣ ಹೊಸದು, ನಟರು ಹೊಸಬರು. ಹೆದರಿಕೆ ಮಾತ್ರ ಬರಲಿಲ್ಲ. ಹಳೆಯ ಮನೆಯ ನಕ್ಷೆ ಹಿಡಿದು ಹೊಸ ಮನೆ ಕಟ್ಟಬಹುದು. ಆದರೆ ಹಳೆಯ ಮನೆಯ ಅಟ್ಟದ ಕತ್ತಲೆ ನಕ್ಷೆಯಲ್ಲಿ ಇರುವುದಿಲ್ಲವಲ್ಲ. ನಾನಂತೂ ಅರ್ಧದಲ್ಲೇ ಆಕಳಿಸಿದೆ.

ಹಾಗೆಂದು ರೀಮೇಕು ಎಂದೊಡನೆ ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಿ ತೋರಿಸಬಾರದೆಂಬ ಕಟ್ಟುಪಾಡು 1960ರ ದಶಕದಿಂದ ಬಹುಕಾಲ ನಮ್ಮಲ್ಲಿ ನಡೆದುಬಂತು. ಹೊರಗಿನ ಒಳ್ಳೆಯ ಕಥೆ ಬೇಕೆಂದರೆ ಕನ್ನಡದಲ್ಲಿ ಮತ್ತೆ ತೆಗೆಯುವುದೇ ದಾರಿ. ನಮ್ಮ ಕಥೆಯೂ ಹೊರಗೆ ಹೋದದ್ದುಂಟು. 1979ರ ‘ನಾ ನಿನ್ನ ಬಿಡಲಾರೆ’ಯನ್ನು ನೆನೆಯಿರಿ. ಅನಂತನಾಗ್, ಲಕ್ಷ್ಮಿ, ಸತ್ತವಳೊಬ್ಬಳು ಗಂಡಹೆಂಡಿರ ನಡುವೆ ಬಂದು ಹೆಂಡತಿಯ ಮೈಮೇಲೆ ನಿಲ್ಲುವ ಕಥೆ. ಕೊನೆಗೆ ಬಿಡಿಸುವವರು ಮಂತ್ರಾಲಯದ ರಾಯರು. ಅದು 1981ರಲ್ಲಿ ಹಿಂದಿಯಲ್ಲಿ ‘ಮಂಗಳಸೂತ್ರ’ವಾಯಿತು, ನಾಯಕ ಅನಂತನಾಗರೇ, ನಾಯಕಿ ರೇಖಾ. ಕನ್ನಡ ದೆವ್ವದ ಚಿತ್ರಗಳಲ್ಲಿ ಇವತ್ತಿಗೂ ನನ್ನ ಎರಡು ಫರ್ಲಾಂಗಿನ ದಾಖಲೆ ‘ನಾ ನಿನ್ನ ಬಿಡಲಾರೆ’ಯದೇ. ಲಕ್ಷ್ಮಿಯವರ ಕಣ್ಣು ಬದಲಾಗುವ ಆ ಕ್ಷಣಕ್ಕೆ ಯಾವ ಯಂತ್ರತಂತ್ರವೂ ಬೇಕಾಗಲಿಲ್ಲ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. 1993ರಲ್ಲಿ ಫಾಝಿಲ್ ನಿರ್ದೇಶನದ ‘ಮಣಿಚಿತ್ರತ್ತಾಳ್’ ಎಂಬ ಮಲಯಾಳಂ ಚಿತ್ರ ಬಂತು. ಅದರ ಕಥೆ ಮಧು ಮುಟ್ಟಂ ಅವರದು. ಅದನ್ನು 2004ರಲ್ಲಿ ಪಿ. ವಾಸು ಅವರು ಕನ್ನಡದಲ್ಲಿ ‘ಆಪ್ತಮಿತ್ರ’ ಎಂದು ತೆಗೆದರು, ನಿರ್ಮಾಪಕರು ದ್ವಾರಕೀಶ್. ಮರುವರ್ಷ ಅದೇ ವಾಸು ಅವರು ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದರು. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಮಾಡಿದರು. ಬಂಗಾಳಿಗೂ ಕಥೆ ಹೋಯಿತು. ನಾಲ್ಕನ್ನು ನಾನು ನೋಡಿದ್ದೇನೆ, ಕೆಲವನ್ನು ಎರಡೆರಡು ಸಲ.

ಕಥೆ ತಮಗೆ ಗೊತ್ತಿರುವುದೇ. ಹಳೆಯ ಮನೆ, ಬೀಗ ಹಾಕಿದ ಕೋಣೆ, ಹಿಂದೆ ಅಲ್ಲಿ ಕೊಲೆಯಾದ ನರ್ತಕಿ. ಮನೆಗೆ ಬಂದ ಸೊಸೆ ಕೋಣೆಯನ್ನು ತೆರೆಸುತ್ತಾಳೆ, ನರ್ತಕಿಯೇ ತಾನಾಗುತ್ತಾಳೆ. ಈಗ ಒಂದು ಸಂಗತಿಯನ್ನು ಗಮನಿಸಿ. ಮಲಯಾಳಂ ಚಿತ್ರದ ನಾಗವಲ್ಲಿ ಮಲಯಾಳಿಯಲ್ಲ, ತಂಜಾವೂರಿನಿಂದ ಬಂದ ತಮಿಳು ನರ್ತಕಿ. ಕನ್ನಡಕ್ಕೆ ಬಂದಾಗ ನಾಗವಲ್ಲಿ ಕನ್ನಡತಿಯಾಗಲಿಲ್ಲ, ತೆಲುಗಿನವಳಾದಳು. ತಮಿಳಿನ ಚಂದ್ರಮುಖಿಯೂ ತೆಲುಗಿನವಳೇ. ಹಿಂದಿಗೆ ಹೋದಾಗ ಅವಳು ಬಂಗಾಳದ ಮಂಜುಲಿಕಾ! ಯಾವ ಭಾಷೆಗೆ ಹೋದರೂ ಆಕೆ ಪಕ್ಕದ ನಾಡಿನವಳು. ಮನೆಯ ಸೊಸೆ ಇದ್ದಕ್ಕಿದ್ದಂತೆ ನಮಗೆ ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ ಮಾತಾಡಿದರೆ ಮೈ ಜುಮ್ಮೆನ್ನುತ್ತದೆ. ಪೂರ್ತಿ ತಿಳಿದರೆ ಅಂಜಿಕೆ ಇಲ್ಲ, ಪೂರ್ತಿ ತಿಳಿಯದಿದ್ದರೂ ಇಲ್ಲ. ರೀಮೇಕು ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠ ಕಾಣೆ. ದೆವ್ವವನ್ನು ಹಾಗೆಯೇ ಹೊತ್ತು ತಂದರೆ ಅದು ಊರಿಗೆ ಬಂದ ನೆಂಟ. ನಮ್ಮ ಮನೆಗೆ ಯಾವ ನೆರೆ, ಯಾವ ಭಾಷೆ, ಯಾವ ಮುಚ್ಚಿದ ಬಾಗಿಲು ಎಂದು ಕೇಳಿಕೊಂಡು ತಂದರೆ ಅದು ಒಳಗೇ ಇದ್ದದ್ದು.

ಹೋಲಿಸಿ ಹೇಳಿ ಎಂದರೆ, ಅಭಿನಯದಲ್ಲಿ ಶೋಭನಾ ಅವರಿಗೇ ನನ್ನ ಮತ; ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಮಲಯಾಳಂನಲ್ಲಿ ವೈದ್ಯನಾದ ಮೋಹನಲಾಲ್ ಕಥೆ ಅರ್ಧ ನಡೆದ ಮೇಲೆ ಬರುತ್ತಾರೆ. ಅಷ್ಟು ಹೊತ್ತಿಗೆ ಮನೆಯ ಭಯ ನಮ್ಮದಾಗಿರುತ್ತದೆ. ತಮಿಳಿನಲ್ಲಿ ರಜನೀಕಾಂತ್ ಮೊದಲಲ್ಲೇ ಬಂದು ಹೊಡೆದಾಡಿಬಿಡುತ್ತಾರೆ. ಅಂಥ ವೀರನಿರುವಾಗ ನಾನೇಕೆ ಹೆದರಲಿ?

‘ಆಪ್ತಮಿತ್ರ’ವನ್ನು ನೋಡುವಾಗಿನ ಭಯ ಬೇರೆಯದು. ನಾಗವಲ್ಲಿಯಾಗಿ ಕುಣಿದ ಸೌಂದರ್ಯಾ 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ಇಲ್ಲವಾದ ಹೆಣ್ಣುಮಗಳು ಎದುರಿಗೆ ನಿಂತು ನಗುತ್ತಿದ್ದಳು. ಚಿತ್ರಮಂದಿರದಲ್ಲಿ ಸಿಳ್ಳೆ ಹೊಡೆಯುವವರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಮುಂದೆ 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡರು. ‘ಆಪ್ತರಕ್ಷಕ’ 2010ರ ಫೆಬ್ರವರಿಯಲ್ಲಿ ಬಂತು. ಎಲ್ಲ ನಾಗವಲ್ಲಿಯ ಶಾಪ ಎಂದು ಜನ ಆಡಿಕೊಂಡರು. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಅಪಘಾತ ಅಪಘಾತವೇ, ಕಾಯಿಲೆ ಕಾಯಿಲೆಯೇ. ಒಬ್ಬಳು ಹೆಣ್ಣಿನ ತಲೆಗೆ, ಅದೂ ಕಥೆಯಲ್ಲಿ ಮಾತ್ರ ಇದ್ದ ಹೆಣ್ಣಿನ ತಲೆಗೆ, ಎಲ್ಲರ ಸಾವನ್ನೂ ಕಟ್ಟುವುದು ಎಷ್ಟು ಸುಲಭ ನೋಡಿ!

ನನಗೇಕೆ ಇಷ್ಟು ಸಿಟ್ಟು ಎಂದರೆ, ನಮ್ಮ ಬೀದಿಯಲ್ಲಿ ಒಬ್ಬರು ದೊಡ್ಡಮ್ಮ ಇದ್ದರು. ಹರೆಯದಲ್ಲಿ, ಮೊದಲ ಮಗು ಹೋದ ಮೇಲೆ, ಅವರು ರಾತ್ರಿ ಎದ್ದು ಹಿತ್ತಲಿಗೆ ಹೋಗಿ ಯಾರೊಡನೆಯೋ ಮಾತಾಡುತ್ತಿದ್ದರಂತೆ. ಗಾಳಿ ಸೋಕಿದೆ ಎಂದರು. ಬೇವಿನ ಸೊಪ್ಪಿನಲ್ಲಿ ಹೊಡೆದರು, ಮೆಣಸಿನಕಾಯಿಯ ಹೊಗೆ ಹಾಕಿದರು. ಹುಡುಗನಾಗಿದ್ದಾಗ ನನಗೂ ಅವರ ಮನೆಯ ಮುಂದೆ ಓಡಿಯೇ ಹೋಗುವ ಅಭ್ಯಾಸವಿತ್ತು. ಇಂದು ನೆನೆದರೆ ನಾಚಿಕೆಯಾಗುತ್ತದೆ. ಮುದುಕಿಯಾದ ಮೇಲೆ ಒಂದು ಭಾನುವಾರ ನಮ್ಮ ಮನೆಯ ಟೆಲಿವಿಷನ್ನಿನಲ್ಲಿ ‘ಆಪ್ತಮಿತ್ರ’ ಬಂತು. ದೊಡ್ಡಮ್ಮ ಗೋಡೆಗೆ ಒರಗಿ ಕೊನೆಯವರೆಗೂ ನೋಡಿದರು. ಚಿತ್ರದಲ್ಲಿ ವೈದ್ಯ ಬಂದು, ಇದು ದೆವ್ವವಲ್ಲ, ಮನಸ್ಸಿನ ಬೇನೆ ಎನ್ನುತ್ತಾನಷ್ಟೆ. ಆಚಾರ್ಯರನ್ನೂ ಕೂಡಿಸಿಕೊಂಡು, ಅವಳ ಸಿಟ್ಟು ಒಂದು ಗೊಂಬೆಯ ಮೇಲೆ ತೀರುವಂತೆ ಮಾಡಿ, ಅವಳನ್ನು ಉಳಿಸುತ್ತಾನೆ. ಎಲ್ಲ ಮುಗಿದ ಮೇಲೆ ದೊಡ್ಡಮ್ಮ, ‘ಸದ್ಯ ಕಣಪ್ಪ, ಆ ಮಗೀಗೆ ಯಾರೂ ಹೊಡೀಲಿಲ್ಲ’ ಎಂದು ಎದ್ದು ಹೋದರು. ಆ ಚಿತ್ರದ ಬಗ್ಗೆ ಯಾವ ಪತ್ರಿಕೆಯಲ್ಲೂ ನಾನು ಇಂಥ ವಿಮರ್ಶೆ ಓದಿಲ್ಲ.

ಮೊನ್ನೆಮೊನ್ನೆಯ ಚಿತ್ರಗಳಲ್ಲಿ 2016ರ ‘ಯು ಟರ್ನ್’ ನನಗೆ ಹಿಡಿಸಿತು. ಪವನ್ ಕುಮಾರ್ ಅವರ ಚಿತ್ರ. ಬೆಂಗಳೂರಿನ ಡಬಲ್ ರೋಡಿನ ಮೇಲುಸೇತುವೆಯಲ್ಲಿ ಬೇಗ ತಿರುಗಿಕೊಳ್ಳಬೇಕೆಂದು ರಸ್ತೆಯ ನಡುವಿನ ಕಲ್ಲನ್ನು ಸರಿಸಿ ಹೋಗುವ ಸವಾರರು. ಆ ಕಲ್ಲಿನಿಂದಾದ ಸಾವು. ಅದೂ 2018ರಲ್ಲಿ ತಮಿಳು ತೆಲುಗುಗಳಿಗೆ, 2023ರಲ್ಲಿ ಹಿಂದಿಗೆ ಹೋಯಿತು. ಹೆದ್ದಾರಿಯ ಪಕ್ಕದ ಊರಿನವನಾದ ನನಗೆ ಹುಣಿಸೆಮರದ ಮೋಹಿನಿಗಿಂತ ಆ ಕಲ್ಲಿನ ಭಯವೇ ಹೆಚ್ಚು.

ನಮ್ಮವೇ ಗೋಡೆಗಳಿಂದ ಹೊರಟ ಇನ್ನೊಂದು ಕಥೆಯನ್ನು ಹೇಳದೆ ಹೇಗೆ ಮುಗಿಸಲಿ? 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ತಾವು ನೋಡಿರಬೇಕು. ರಾತ್ರಿ ಒಂದು ಹೆಣ್ಣುದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ತೆರೆದವರು ಸಾಯುತ್ತಾರೆ, ಬರಹ ಓದಿದರೆ ನಾಳೆ ಬರೋಣವೆಂದು ಹಿಂದಿರುಗುತ್ತದೆ ಎಂಬ ಪುಕಾರು. ನೋಡಿ, ಇಲ್ಲಿಯೂ ಹೆದರಿಕೆ ಕಿವಿಯದೇ! 2018ರಲ್ಲಿ ಅಮರ್ ಕೌಶಿಕ್ ನಿರ್ದೇಶಿಸಿದ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಈ ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದಿತು. ಅಲ್ಲಿ ದೆವ್ವ ಗಂಡಸರನ್ನು ಮಾತ್ರ ಹಿಡಿಯುತ್ತದೆ. ಕತ್ತಲಾದ ಮೇಲೆ ಹೊರಗೆ ಹೋಗಲು ಗಂಡಸರು ಅಂಜುತ್ತಾರೆ. ಕಥೆಯನ್ನು ಹೀಗೆ ಮಗುಚಿ ಹಾಕಿದ್ದಕ್ಕೆ ನಾನು ಚಪ್ಪಾಳೆ ತಟ್ಟಿದೆ.

ಆ ಪುಕಾರಿನ ದಿನಗಳಲ್ಲೇ ಒಂದು ರಾತ್ರಿ ನಾನು ಎರಡನೆಯ ಆಟ ಮುಗಿಸಿ, ಓಡಿದಂತೆಯೇ ನಡೆದು ಬಂದು ಬಾಗಿಲು ತಟ್ಟಿದೆ. ನಮ್ಮ ಬಾಗಿಲ ಮೇಲೂ ಸೀಮೆಸುಣ್ಣದ ಬರಹವಿತ್ತು.

‘ಅಮ್ಮಾ, ನಾನು, ಬಾಗಿಲು ತೆಗಿ.’

ಒಳಗೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಮ್ಮನ ದನಿ ಕೇಳಿತು:

‘ನಾಳೆ ಬಾ.’

ಆ ರಾತ್ರಿ ನಾನು ಜಗಲಿಯ ಮೇಲೆಯೇ ಮಲಗಿದೆ.