ನಾಸ್ತಿಕನ ಉದ್ದ ಕೂದಲು, ಅಮ್ಮನ ಹರಕೆ

ಹೆವಿ ಮೆಟಲ್ ಕೇಳ್ತೀನಿ ಅಂದ ತಕ್ಷಣ ಜನ ಎರಡು ಪ್ರಶ್ನೆ ಕೇಳ್ತಾರೆ. ಒಂದು, "ಅವರು ಏನು ಕಿರುಚ್ತಾರೆ ಅಂತ ನಿಂಗೆ ಅರ್ಥ ಆಗುತ್ತಾ?" ಇನ್ನೊಂದು, ಸ್ವಲ್ಪ ದನಿ ತಗ್ಗಿಸಿ, "ಅವರೆಲ್ಲ ಸೈತಾನನ ಪೂಜೆ ಮಾಡ್ತಾರಂತಲ್ಲ, ಹೌದಾ?" ಮೊದಲನೆಯದಕ್ಕೆ ಉತ್ತರ, ಅರ್ಧಂಬರ್ಧ. ಎರಡನೆಯದಕ್ಕೆ ಉತ್ತರ ಉದ್ದ ಇದೆ. ಇದರ ಮೇಲೆ ನನಗೆ ದೇವರ ಬಗ್ಗೆಯೂ ಅನುಮಾನ ಇದೆ ಅಂತ ಗೊತ್ತಾದರೆ ಮುಗೀತು, ಎರಡನ್ನೂ ಕೂಡಿಸಿ ಲೆಕ್ಕ ಹಾಕಿಬಿಡ್ತಾರೆ: ಆ ಸಂಗೀತ ಕೇಳಿ ಕೇಳಿ ಹುಡುಗ ಕೆಟ್ಟ.

ಲೆಕ್ಕ ತಪ್ಪು. ಅನುಮಾನ ಬಂದದ್ದು ಮೊದಲು, ಮೆಟಲ್ ಬಂದದ್ದು ಆಮೇಲೆ. ಅನುಮಾನ ಶುರುವಾಗಿದ್ದು ಹುಣಸೆಮರದಿಂದ.

ನಮ್ಮೂರು ದೇವನಹಳ್ಳಿ ತಾಲ್ಲೂಕಿನ ನಲ್ಲೂರು. ಹೆಸರು ಕೇಳಿದ್ದರೆ ಹುಣಸೆ ತೋಪಿನಿಂದ ಕೇಳಿರುತ್ತೀರಿ. ಸುಮಾರು 54 ಎಕರೆ, ಮುನ್ನೂರರ ಹತ್ತಿರ ಮರಗಳು, ಕೆಲವು ಮರಗಳ ಕಾಂಡ ನಾಲ್ಕು ಜನ ಕೈಹಿಡಿದು ನಿಂತರೂ ಸಿಗದಷ್ಟು ದಪ್ಪ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಚೋಳರ ಕಾಲದ್ದು ಅಂತ ಊರಿನವರು ಹೇಳ್ತಾರೆ, ಮಧ್ಯದಲ್ಲಿ ಒಂದು ಹಳೇ ಗುಡಿ ಪಾಳು ಬಿದ್ದಿದೆ. ಹುಣಸೆಮರ ಅಂದಮೇಲೆ ದೆವ್ವ ಇರಲೇಬೇಕಲ್ಲ. ಮಟಮಟ ಮಧ್ಯಾಹ್ನ ಹೋಗಬೇಡ, ದೀಪ ಹಚ್ಚೋ ಹೊತ್ತಲ್ಲಿ ಹೋಗಬೇಡ ಅನ್ನೋರು. ಏಳನೇ ಕ್ಲಾಸಿನಲ್ಲಿ ನಾವು ಮೂರು ಜನ ಎರಡೂ ಹೊತ್ತಿನಲ್ಲಿ ಹೋಗಿ ಕೂತು ನೋಡಿದೆವು. ಇರುವೆ ಕಚ್ಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ದೆವ್ವ ಇಲ್ಲ ಅಂತ ಊರಲ್ಲಿ ಹೇಳಿಕೊಂಡು ತಿರುಗಿದರೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಶಹಬ್ಬಾಸ್ ಅಂದರು. ಅದೇ ಪರೀಕ್ಷೆಯನ್ನು ತೋಪಿನ ಗುಡಿಗೆ ಅನ್ವಯಿಸಿ ಕೇಳಿದಾಗ ಮಾತ್ರ ಮುಖಗಳು ಬಿಗಿಯಾದವು. ಕಾಣದ ಒಂದನ್ನು ಅಲ್ಲಗಳೆದರೆ ಧೈರ್ಯ, ಕಾಣದ ಇನ್ನೊಂದನ್ನು ಅಲ್ಲಗಳೆದರೆ ಅಹಂಕಾರ. ಈ ವ್ಯತ್ಯಾಸಕ್ಕೆ ಕಾರಣ ಏನು ಅಂತ ನನಗೆ ಇವತ್ತಿಗೂ ಯಾರೂ ಸರಿಯಾಗಿ ಹೇಳಿಲ್ಲ.

ಈ ಪ್ರಶ್ನೆ ಹೊರದೇಶದ್ದೇನಲ್ಲ. ದೊಡ್ಡಬಳ್ಳಾಪುರ ದಾಟಿದರೆ ಗೌರಿಬಿದನೂರು ತಾಲ್ಲೂಕು. ಅಲ್ಲಿನ ಹೊಸೂರಿನವರು ಎಚ್. ನರಸಿಂಹಯ್ಯ. ಬಡ ಮನೆಯಿಂದ ಬಂದು, ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ ಬಂದ ಮನುಷ್ಯ. ಖಾದಿ, ಗಾಂಧಿ ಟೋಪಿ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿ, ಗಾಳಿಯಿಂದ ವಸ್ತು ತೆಗೆಯುವ ಬಾಬಾರನ್ನೇ ಪರೀಕ್ಷೆಗೆ ಕರೆದವರು. ಇನ್ನೊಬ್ಬರು ಎ.ಎನ್. ಮೂರ್ತಿರಾಯರು. ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ 'ದೇವರು' ಅನ್ನುವ ಪುಸ್ತಕ ಬರೆದು, ನಾನು ನಂಬುವುದಿಲ್ಲ, ಯಾಕೆ ಅಂದರೆ ಹೀಗೆ ಅಂತ, ಕೂಗಾಡದೆ, ಯಾರನ್ನೂ ಹೀಯಾಳಿಸದೆ ಹೇಳಿದರು. ಅದಕ್ಕೆ ಪಂಪ ಪ್ರಶಸ್ತಿಯೂ ಬಂತು. ಆ ವಯಸ್ಸಿನಲ್ಲಿ ಎಷ್ಟೋ ಜನ "ಯಾವುದಕ್ಕೂ ಇರಲಿ" ಅಂತ ದೇವರ ಕಡೆ ತಿರುಗ್ತಾರೆ. ಇವರು ತಿರುಗಲಿಲ್ಲ, ನೂರು ದಾಟಿ ಬದುಕಿದರು. ಕಾಲೇಜಿನಲ್ಲಿ ನನ್ನ ರೂಮ್‌ಮೇಟ್‌ನ ಅಪ್ಪನ ಕಪಾಟಿನಿಂದ ಆ ಪುಸ್ತಕ ತಂದು ಓದಿದೆ. ನನ್ನ ಅನುಮಾನಕ್ಕೆ ಕನ್ನಡದಲ್ಲಿ ಒಂದು ಮರ್ಯಾದಸ್ಥ ದನಿ ಸಿಕ್ಕಿದ್ದು ಆಗ.

ಮೆಟಲ್ ಸಿಕ್ಕಿದ್ದೂ ಅದೇ ರೂಮಿನಲ್ಲಿ, ಅದೇ ರೂಮ್‌ಮೇಟ್‌ನ ಹಾರ್ಡ್ ಡಿಸ್ಕ್‌ನಲ್ಲಿ.

ಬೆಂಗಳೂರಿಗೂ ಮೆಟಲ್‌ಗೂ ನಂಟು ಹಳೆಯದು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ಬೇರೆ ರಾಜ್ಯಗಳಿಂದ ರೈಲು ಹಿಡಿದು ಜನ ಬಂದಿದ್ದರಂತೆ. 2011ರ ಅಕ್ಟೋಬರ್ 30ಕ್ಕೆ ಅಲ್ಲೇ ಮೆಟಾಲಿಕಾ. ಎರಡು ದಿನದ ಹಿಂದೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಆಗಬೇಕಿದ್ದದ್ದು ರದ್ದಾಗಿ, ಇಡೀ ದೇಶಕ್ಕೆ ಬೆಂಗಳೂರು ಒಂದೇ ಉಳಿದಿತ್ತು. ನಾನಾಗ ಪಿಯುಸಿ ಹುಡುಗ, ದುಡ್ಡೂ ಇಲ್ಲ, ಧೈರ್ಯವೂ ಇಲ್ಲ. ಆದರೆ ಹೊರಗಿನವರು ಬರೋಕೆ ಮುಂಚೆಯೇ ಇಲ್ಲಿಯವರು ನುಡಿಸುತ್ತಿದ್ದರು. ಕ್ರಿಪ್ಟೋಸ್ ತಂಡ 1998ರಿಂದ ಇದೆ, ಯುರೋಪಿನಲ್ಲೆಲ್ಲ ಸುತ್ತಿ ನುಡಿಸಿ ಬಂದಿದೆ. 2012ರಲ್ಲಿ 'ಬೆಂಗಳೂರು ಓಪನ್ ಏರ್' ಶುರುವಾಯಿತು, ಮೊದಲ ವರ್ಷವೇ ಜರ್ಮನಿಯ ಕ್ರಿಯೇಟರ್ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಥಣಿಸಂದ್ರದ ಕಡೆ ಸ್ಲೇಯರ್.

ನನ್ನ ಮೊದಲ ಕಾನ್ಸರ್ಟ್ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಯಲಹಂಕದ ಹತ್ತಿರ. ನಮ್ಮ ಕಡೆಯವರಿಗೆ ಇದೊಂದು ಅನುಕೂಲ: ರಾತ್ರಿ ಶೋ ಮುಗಿದ ಮೇಲೆ ಏರ್‌ಪೋರ್ಟ್ ಬಸ್ ಸಿಗುತ್ತೆ. ಕಪ್ಪು ಟೀ ಶರ್ಟು, ಕೆಸರು ಮೆತ್ತಿದ ಶೂ, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ಪಕ್ಕದ ಸೀಟಿನಲ್ಲಿ ದುಬೈಗೆ ಹೊರಟ ಆಂಟಿ, ತೊಡೆ ಮೇಲೆ ಉಪ್ಪಿನಕಾಯಿ ಡಬ್ಬ. ದೇವನಹಳ್ಳಿಯಿಂದ ಮನೆಗೆ ಗೆಳೆಯನ ಬೈಕು. (ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ದಯವಿಟ್ಟು. ಆ ಗುಂಯ್ ಸದ್ದು ಮಜಾ ಅಲ್ಲ, ಕಿವಿಗೆ ಪೆಟ್ಟು ಬಿದ್ದದ್ದರ ಗುರುತು.)

ಈಗ ಸೈತಾನನ ವಿಷಯ. ಮೆಟಲ್ ಹುಟ್ಟಿದ್ದು ಕಾರ್ಖಾನೆಯಲ್ಲಿ ಅಂದರೆ ಹೆಚ್ಚೇನೂ ಉತ್ಪ್ರೇಕ್ಷೆ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಅಯೋಮಿ ಅನ್ನೋ ಹದಿನೇಳರ ಹುಡುಗ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸದ ಕೊನೇ ದಿನ ಮಷೀನಿಗೆ ಕೈಕೊಟ್ಟು ಬಲಗೈಯ ಎರಡು ಬೆರಳಿನ ತುದಿ ಕಳಕೊಂಡ. ಎಡಗೈಯಲ್ಲಿ ಮೀಟುವವನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ತಗ್ಗಿಸಿದ. ಆ ಭಾರದ ಸದ್ದಿನ ಹಿಂದೆ ಸೈತಾನ ಇಲ್ಲ, ಒಂದು ಅಪಘಾತ ಇದೆ.

1970ರಲ್ಲಿ ಅವನ ತಂಡ ಬ್ಲ್ಯಾಕ್ ಸಬ್ಬತ್ ಮೊದಲ ಆಲ್ಬಮ್ ತಂದಾಗ, ಅದರ ಮೊದಲ ಹಾಡಿನಲ್ಲಿ ಮೂರೇ ಸ್ವರದ ಒಂದು ಓಟ ಇದೆ. ಅದರಲ್ಲಿ ಬರುವ ಅಂತರಕ್ಕೆ ಪಶ್ಚಿಮದ ಹಳೇ ಸಂಗೀತ ಪಂಡಿತರು ಇಟ್ಟ ಹೆಸರು 'ಸಂಗೀತದಲ್ಲಿನ ಸೈತಾನ'. ಚರ್ಚು ಅದನ್ನು ನಿಷೇಧಿಸಿತ್ತು ಅನ್ನೋ ಕತೆಗೆ ಗಟ್ಟಿ ಆಧಾರ ಇಲ್ಲ, ಆದರೆ ಹೆಸರು ನಿಜ. ಅಷ್ಟು ಭಯಂಕರ ಅಂತರ ಯಾವುದು? ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಸ, ಮೇಲಿನ ಸ, ಆಮೇಲೆ ಪ್ರತಿಮಧ್ಯಮ. ಅಷ್ಟೇ! 72 ಮೇಳಕರ್ತ ರಾಗಗಳಲ್ಲಿ 36ರಲ್ಲಿ ಇರುವ ಸ್ವರ. ಕಲ್ಯಾಣಿ ಅಂದರೆ ಅದೇ. ಮದುವೆ ಮನೆಯಲ್ಲಿ ನಾಗಸ್ವರದವರು ಕಲ್ಯಾಣಿ ನುಡಿಸುವಾಗ ಯಾರೂ ಎದ್ದು ಓಡಿದ್ದು ನಾನು ಕಂಡಿಲ್ಲ. ಅಲ್ಲಿ ಸೈತಾನ ಆದದ್ದು ಇಲ್ಲಿ ಮಂಗಳವಾದ್ಯ. ದೇವರು, ಸೈತಾನ ಎರಡೂ ಸದ್ದಿನಲ್ಲಿ ಇಲ್ಲ, ಕೇಳುವವರ ತಲೆಯಲ್ಲಿ ಇವೆ ಅಂತ ನನಗೆ ಯಾವ ತರ್ಕಕ್ಕಿಂತ ಚೆನ್ನಾಗಿ ತಿಳಿಸಿದ್ದು ಇದು.

ಇನ್ನು ಮೆಟಲ್‌ನವರೆಲ್ಲ ನಾಸ್ತಿಕರು ಅನ್ನೋದೂ ಸುಳ್ಳು. ದೇವರು ನಮ್ಮನ್ನೆಲ್ಲ ದ್ವೇಷಿಸುತ್ತಾನೆ ಅನ್ನೋ ಅರ್ಥದ ಹೆಸರಿನ ಆಲ್ಬಮ್ ತಂದ ಸ್ಲೇಯರ್‌ನ ಗಾಯಕ ಟಾಮ್ ಅರಾಯ ಕ್ಯಾಥೊಲಿಕ್ ನಂಬಿಕೆಯವರು. ಐರನ್ ಮೇಡನ್‌ನಲ್ಲಿ ಡ್ರಮ್ಸ್ ನುಡಿಸಿದ ನಿಕೋ ಮ್ಯಾಕ್‌ಬ್ರೇನ್ ನಡುವಯಸ್ಸಿನಲ್ಲಿ ಕ್ರೈಸ್ತ ಭಕ್ತರಾದವರು. ಹಾಗಂತ ಎಲ್ಲ ನಾಟಕ ಅಂತ ತಳ್ಳಿಹಾಕೋ ಹಾಗೂ ಇಲ್ಲ. 1990ರ ದಶಕದ ಆರಂಭದಲ್ಲಿ ನಾರ್ವೆಯ ಕೆಲವು ಬ್ಲ್ಯಾಕ್ ಮೆಟಲ್ ಹುಡುಗರು ನಿಜವಾಗಿಯೂ ಚರ್ಚುಗಳಿಗೆ ಬೆಂಕಿ ಇಟ್ಟರು. ಅದನ್ನು ಬಂಡಾಯ ಅಂತ ಕರೆಯೋರ ಜೊತೆ ನಾನಿಲ್ಲ. ನಂಬದೇ ಇರೋದಕ್ಕೂ ನಂಬುವವರ ಗುಡಿ ಸುಡೋದಕ್ಕೂ ಯಾವ ಸಂಬಂಧವೂ ಇಲ್ಲ.

ಮೊದಲ ಸಲ ಮಾಶ್ ಪಿಟ್ ನೋಡಿದಾಗ ನನಗೆ ನೆನಪಾದದ್ದು ಊರಹಬ್ಬದ ರಾತ್ರಿ. ಮಾಶ್ ಪಿಟ್ ಅಂದರೆ ಸ್ಟೇಜಿನ ಮುಂದೆ ಜನ ಜಾಗ ಬಿಟ್ಟುಕೊಟ್ಟು, ಒಬ್ಬರಿಗೊಬ್ಬರು ಭುಜ ಕೊಟ್ಟು ಗುದ್ದಾಡುವ ಸುಳಿ. ಊರಲ್ಲಿ ತಮಟೆಯವರು ಬೆಂಕಿ ಹಾಕಿ ಚರ್ಮ ಕಾಯಿಸಿ, ಬಿಗಿ ಮಾಡಿ, ಒಮ್ಮೆಲೇ ಬಾರಿಸೋಕೆ ಶುರು ಮಾಡಿದರೆ ಎದೆಯೊಳಗೆ ಏನೋ ಅದುರುತ್ತಲ್ಲ, ಡಬಲ್ ಬಾಸ್ ಡ್ರಮ್ಮಿಗೂ ಅದೇ ಜಾಗ ಅದುರುತ್ತೆ. ಅಲ್ಲಿ ಯಾರದೋ ಮೈಮೇಲೆ ದೇವರು ಬರ್ತಾನೆ. ಇಲ್ಲಿ ಯಾರೂ ಬರಲ್ಲ, ಆದರೆ ಮೈ ಹಾಗೇ ಹಗುರಾಗುತ್ತೆ. ಬಿದ್ದವನನ್ನು ತಕ್ಷಣ ನಾಲ್ಕು ಕೈ ಎತ್ತಿ ನಿಲ್ಲಿಸುತ್ತವೆ. ಅದು ಪಿಟ್‌ನ ಮೊದಲ ನಿಯಮ, ಯಾರೂ ಬರೆದಿಟ್ಟದ್ದಲ್ಲ.

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ದೇವರನ್ನು ಕುಣಿಸುವ ತಮಟೆಯವರೇ ಗುಡಿಯ ಹೊರಗೆ ನಿಲ್ಲುತ್ತಾರೆ. ಪಿಟ್‌ನಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದವರು ಯಾರೂ "ನೀವು ಯಾವ ಪೈಕಿ?" ಅಂತ ಕೇಳಿಲ್ಲ. ಹಾಗಂತ ಅದು ಸ್ವರ್ಗವೂ ಅಲ್ಲ. ಟಿಕೆಟ್ಟಿಗೆ ಸಾವಿರಗಟ್ಟಲೆ ದುಡ್ಡು ಕೊಡಬೇಕು, ಹಾಗಾಗಿ ನಮ್ಮೂರ ತಮಟೆ ಹುಡುಗರು ಅಲ್ಲಿಗೂ ಬರೋಕಾಗಲ್ಲ. ಹೆಣ್ಣುಮಕ್ಕಳೂ ಇನ್ನೂ ಕಡಿಮೆಯೇ.

ಕೂದಲ ವಿಷಯಕ್ಕೆ ಬರ್ತೀನಿ. ತಲೆ ಬೀಸೋದಕ್ಕೆ ಕೂದಲು ಬೇಕು. ನಾಲ್ಕು ವರ್ಷ ಬಿಟ್ಟಿದ್ದೆ, ಭುಜ ದಾಟಿತ್ತು. ಆಫೀಸಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಕೋಡ್ ಓಡಿದರೆ ಸಾಕು ಅವರಿಗೆ. ಹೋದ ವರ್ಷ ಅಪ್ಪನಿಗೆ ಎದೆನೋವು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ಮೂರನೇ ದಿನ ವಾರ್ಡಿಗೆ ತಂದರು, ಹನ್ನೊಂದನೇ ದಿನ ಮನೆಗೆ ಬಂದರು. ಅವತ್ತೇ ಸಂಜೆ ಅಮ್ಮ ಹೇಳಿದ್ದು, ತಿಮ್ಮಪ್ಪನಿಗೆ ನಿನ್ನ ಮುಡಿ ಹರಕೆ ಹೊತ್ತಿದ್ದೀನಿ ಅಂತ.

ನನ್ನ ಕೂದಲು! ನನ್ನನ್ನು ಕೇಳದೆ!

ಎರಡು ವಾರ ಮನೆಯಲ್ಲಿ ಮಾತು ಸರಿಯಿರಲಿಲ್ಲ. ನನ್ನ ವಾದ ಸರಳ: ಅಪ್ಪನನ್ನು ಉಳಿಸಿದ್ದು ಡಾಕ್ಟರು, ಆ ಪುಟ್ಟ ಲೋಹದ ಬಲೆ, ಸರಿಯಾದ ಹೊತ್ತಿಗೆ ಸಿಕ್ಕ ಆಂಬ್ಯುಲೆನ್ಸ್. ನಾನು ನಂಬದೆ ಹೋಗಿ ತಲೆ ಬೋಳಿಸಿಕೊಂಡರೆ ಅದು ಸುಳ್ಳು. ಅಮ್ಮನಿಗೂ ಮೋಸ, ನನಗೂ ಮೋಸ.

ಅಮ್ಮ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. "ನೀನು ನಂಬು ಅಂತ ಯಾರಪ್ಪಾ ಹೇಳಿದ್ದು? ಹರಕೆ ಹೊತ್ತವಳು ನಾನು."

"ಮತ್ತೆ ನಿನ್ನ ಕೂದಲೇ ಕೊಡು."

"ನಂದು ಇರೋದೇ ನಾಲ್ಕು ಎಳೆ. ಅದನ್ನ ಕೊಟ್ರೆ ಅವನಿಗೇ ಅವಮಾನ." ಸ್ವಲ್ಪ ಹೊತ್ತು ಬಿಟ್ಟು ಅಂದಳು: "ಆವತ್ತು ಐಸಿಯು ಬಾಗ್ಲಲ್ಲಿ ಕೂತಿದ್ನಲ್ಲ, ದೇವ್ರು ಅವ್ನೋ ಇಲ್ವೋ ನನಗೂ ಗೊತ್ತಿರ್ಲಿಲ್ಲ ಕಣೋ. ಅವ್ನೆ ಅಂತ ಗ್ಯಾರಂಟಿ ಇದ್ದಿದ್ರೆ ಹರಕೆ ಯಾಕೆ ಹೊರ್ತಿದ್ದೆ, ಸುಮ್ನೆ ನಿದ್ದೆ ಮಾಡ್ತಿದ್ದೆ. ಕೈ ಸುಮ್ನೆ ಇರಕ್ಕಾಗ್ಲಿಲ್ಲ. ನನ್ನತ್ರ ಕೊಡಕ್ಕೆ ಏನಿತ್ತು? ಮನೇಲಿ ಎಲ್ರಿಗಿಂತ ನಿಂಗೆ ಪ್ರೀತಿ ಇರೋದು ಅದೊಂದೇ."

ಮೂವತ್ತು ವರ್ಷದಲ್ಲಿ ಅಮ್ಮನ ಬಾಯಲ್ಲಿ 'ಗೊತ್ತಿರ್ಲಿಲ್ಲ' ಅನ್ನೋ ಮಾತು ದೇವರ ವಿಷಯದಲ್ಲಿ ಕೇಳಿದ್ದು ಅದೇ ಮೊದಲು. ಅನುಮಾನ ಅಂದರೆ ಓದಿದವರ ಆಸ್ತಿ, ನಂಬಿಕೆ ಅಂದರೆ ಊರಿನವರ ಆಸ್ತಿ ಅಂತ ನಾವು ಹಂಚಿಕೊಂಡುಬಿಟ್ಟಿರ್ತೀವಿ. ಅಮ್ಮ ಎರಡನ್ನೂ ಒಂದೇ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡಿದ್ದಳು.

ಇದೇ ವಾದ ಊರ ಮಟ್ಟದಲ್ಲೂ ನಡೆದದ್ದು ಕೇಳಿದ್ದೀನಿ. ನಮ್ಮ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತಿದ್ದರು. 1,198 ದಿನ. 2025ರ ಜುಲೈ 15ರಂದು ಅದನ್ನು ಕೈಬಿಟ್ಟದ್ದಾಗಿ ಮುಖ್ಯಮಂತ್ರಿ ಹೇಳಿದ ದಿನ, ಟೀ ಅಂಗಡಿಯಲ್ಲಿ ಒಬ್ಬರು "ಗಂಗಮ್ಮ ಕಾಪಾಡಿದ್ಲು" ಅಂದರು. ಪಕ್ಕದಲ್ಲಿದ್ದ ಹಿರಿಯರು ಟೀ ಲೋಟ ಕೆಳಗಿಟ್ಟು, "ಗಂಗಮ್ಮ ಕಾಪಾಡಿದ್ಲು ಸರಿ, ಮೂರು ವರ್ಷ ಬಿಸಿಲಲ್ಲಿ ಕೂತೋರು ಯಾರು ಮತ್ತೆ?" ಅಂದರು. ಇಬ್ಬರೂ ಮಾರನೇ ವಾರ ಗಂಗಮ್ಮನಿಗೆ ತಂಬಿಟ್ಟಿನ ಆರತಿ ಹೊರಿಸಿದರು.

ನಾನು ತಿರುಮಲಕ್ಕೆ ಹೋದೆ. ಅಮ್ಮನಿಗೆ ಒಂದೇ ಷರತ್ತು ಹಾಕಿದ್ದೆ: ಆ ತಿಂಗಳ ಕೊನೆಗೆ ಒಂದು ಶೋ ಇದೆ, ಅದು ಮುಗಿದ ಮೇಲೆ. "ಅವನೇನು ಎಲ್ಲೂ ಹೋಗಲ್ಲ, ಮುಗಿಸ್ಕೊಂಡೇ ಬಾ" ಅಂದಳು. ಕಲ್ಯಾಣಕಟ್ಟೆಯಲ್ಲಿ ಟೋಕನ್ನು, ಬ್ಲೇಡು; ಐದು ನಿಮಿಷ ಆಯಿತು ಅಷ್ಟೇ. ನಾಲ್ಕು ವರ್ಷದ ಕೂದಲು ಒದ್ದೆ ನೆಲದ ಮೇಲೆ ಬೇರೆಯವರ ಕೂದಲಿನ ಜೊತೆ ಬಿತ್ತು. ಅಲ್ಲಿನ ಕೂದಲನ್ನು ದೇವಸ್ಥಾನದವರು ಹರಾಜು ಹಾಕ್ತಾರೆ, ಅದು ವಿಗ್ ಆಗಿ ದೇಶ ವಿದೇಶ ಸೇರುತ್ತೆ. ನನ್ನ ಅನುಮಾನ ಹೋಗಲಿಲ್ಲ. ಗರ್ಭಗುಡಿ ಮುಂದೆ ಎರಡು ಸೆಕೆಂಡು ನಿಂತೆ, ನೂಕಿದರು, ಹೊರಬಂದೆ. ಏನೂ ಅನಿಸಲಿಲ್ಲ. ಅಮ್ಮ ಮಾತ್ರ ಹೊರಗೆ ಬಂದು ಅಪ್ಪನ ತೋಳು ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಅದನ್ನು ನೋಡಿದ್ದಕ್ಕೆ ನಾಲ್ಕು ವರ್ಷದ ಕೂದಲು ದುಬಾರಿ ಅನಿಸಲಿಲ್ಲ.

ಮುಂದಿನ ಶೋಗೆ ಗುಂಡು ತಲೆಯಲ್ಲೇ ಹೋದೆ. ಯಾರೂ ವಿಚಿತ್ರವಾಗಿ ನೋಡಲಿಲ್ಲ. ಜೂಡಸ್ ಪ್ರೀಸ್ಟ್‌ನ ರಾಬ್ ಹಾಲ್‌ಫರ್ಡ್ ತಲೆಯಲ್ಲೂ ಒಂದು ಕೂದಲಿಲ್ಲ, ಸ್ಲೇಯರ್‌ನ ಕೆರ್ರಿ ಕಿಂಗ್‌ದೂ ಅದೇ ಕತೆ. ಒಬ್ಬ ಹುಡುಗ ಮಾತ್ರ ಬಂದು ತಲೆ ಸವರಿ, "ಬ್ರೋ, ತಿರುಪತಿನಾ?" ಅಂದ. ಹೂಂ ಅಂದೆ. "ನಂದೂ ಫೆಬ್ರವರೀಲಿ ಇದೆ, ಅಜ್ಜಿ ಹರಕೆ," ಅಂತ ಹೇಳಿ ತನ್ನ ಜಡೆ ಬಿಚ್ಚಿಕೊಂಡು ಪಿಟ್ ಒಳಗೆ ಹೋದ.