ಪರರ ಊಟವೂ ನಮ್ಮ ಹಿಟ್ಟೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೆಣ್ಣುಮಕ್ಕಳು ಈಗ ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ದೂರದ ಊರುಗಳಿಗೆ, ಸಮುದ್ರದಾಚೆಯ ದೇಶಗಳಿಗೆ ಸಹ, ಹೋಗುತ್ತಿರುವರು. ಅಲ್ಲಿ ಕಂಡರಿಯದ ಪದಾರ್ಥವು ತಟ್ಟೆಗೆ ಬಂದಾಗ ಮೂಗು ಮುರಿಯುವುದು ಸುಲಭ. ಆದರೆ ಒಬ್ಬರ ಊಟವನ್ನು ಹಳಿದರೆ ಬಡಿಸಿದ ಕೈಯನ್ನೇ ಹಳಿದಂತಾಗುವುದು. ಆದುದರಿಂದ ಪರರ ಆಹಾರವನ್ನು ಯಾವ ರೀತಿಯಲ್ಲಿ ನೋಡಬೇಕೆಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಮೊದಲು ನಮ್ಮ ತಟ್ಟೆಯನ್ನೇ ಪರರ ಕಣ್ಣಿನಿಂದ ನೋಡೋಣ. ನಮ್ಮ ರಾಗಿಯ ಹಿಟ್ಟು, ಎಂದರೆ ಮುದ್ದೆಯು, ಗೋಧಿಯ ರೊಟ್ಟಿಯನ್ನುಂಡು ಬೆಳೆದವರಿಗೆ ದೊಡ್ಡ ಸಮಸ್ಯೆಯೇ ಸರಿ. ಅವರು ಅದನ್ನು ಅಗಿಯುವರು. ಅದು ಹಲ್ಲಿಗೆ ಅಂಟುವುದು. ಬೇಸತ್ತು ಕೈ ತೊಳೆಯುವರು. ಕುದಿಯುವ ನೀರಿನಲ್ಲಿ ಬೆಂದ ರಾಗಿಯ ಪಿಷ್ಟವು ಉಬ್ಬಿ ಅಂಟಾಗುವುದೇ ಇದಕ್ಕೆ ಕಾರಣ. ಚಿಕ್ಕ ತುತ್ತು ಮುರಿದು, ಬೆರಳಿನಲ್ಲಿ ಉಂಡೆಮಾಡಿ, ಬಸ್ಸಾರಿನಲ್ಲೋ ಉಪ್ಪೆಸರಿನಲ್ಲೋ ಅದ್ದಿ ನುಂಗಬೇಕೆಂದು ಹೇಳಿಕೊಟ್ಟರೆ ಅದೇ ಮುದ್ದೆಯು ಸಲೀಸಾಗಿ ಇಳಿಯುವುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವುಂಟು. ಅಷ್ಟೇ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನ ಆಸುಪಾಸು. ಈ ಗುಣವನ್ನು ತಿಳಿದವರು ಮುದ್ದೆಯನ್ನು ಹೀಗಳೆಯಲಾರರು.

ಇನ್ನೊಂದು ಸಂಗತಿಯು ಸ್ವಾರಸ್ಯವಾದುದು. ನಮ್ಮದೆಂದು ನಾವು ಹೆಮ್ಮೆಪಡುವ ಈ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರುಷಗಳ ಹಿಂದೆ ಅದು ಅಲ್ಲಿಂದ ಇಲ್ಲಿಗೆ ಬಂದಿತು. ಉಗಾಂಡದ ಪಶ್ಚಿಮ ಭಾಗದ ಜನರು ಇಂದಿಗೂ ರಾಗಿಯಿಂದ ‘ಕಾಲೊ’ ಎಂಬ ಗಟ್ಟಿ ಹಿಟ್ಟನ್ನು ಮಾಡಿ, ಕೈಯಿಂದ ಮುರಿದು, ಸಾರಿನಲ್ಲಿ ಅದ್ದಿ ಉಣ್ಣುವರು. ಮಂಡ್ಯದ ಬಳಿಯ ವಿ. ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಡಾ. ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಮಾಡಿ ‘ಇಂಡಾಫ್’ ತಳಿಗಳನ್ನು ಬೆಳೆಸಿದರು. ಆ ಹೆಸರಿನಲ್ಲಿಯೇ ಎರಡು ನಾಡುಗಳೂ ಸೇರಿವೆ. ಬಸ್ಸಾರಿನ ಮೆಣಸಿನಕಾಯಿಯಾದರೋ ಅಮೆರಿಕದಿಂದ ಪೋರ್ಚುಗೀಸರ ಮೂಲಕ ಬಂದುದು. ಒಂದು ಕಾಲದ ಪರದೇಶದ ಪದಾರ್ಥಗಳಿಲ್ಲದೆ ನಮ್ಮ ಮನೆಯೂಟವೇ ಇಲ್ಲವೆಂದಾಯಿತು.

ವಿಚಿತ್ರವೆನಿಸುವ ಊಟವನ್ನು ಕಾಣಲು ಕಡಲು ದಾಟಬೇಕಾಗಿಯೂ ಇಲ್ಲ. ಮಲೆನಾಡಿನ ಕೆಲವೆಡೆ ಮರದ ಕೆಂಪಿರುವೆಗಳನ್ನು ಹುರಿದು ಅರೆದು ‘ಚಿಗಳಿ ಚಟ್ನಿ’ ಮಾಡುವರು. ಇರುವೆಯ ದೇಹದಲ್ಲಿರುವ ಆಮ್ಲವು ಅದಕ್ಕೆ ಹುಳಿಯನ್ನು ಕೊಡುವುದು. ಒಡಿಸ್ಸಾದ ಮಯೂರ್‌ಭಂಜ್ ಜಿಲ್ಲೆಯ ಇಂತಹದೇ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದಲ್ಲಿ ಎಳೆಬಿದಿರಿನ ಕಳಲೆಯನ್ನು ಉಣ್ಣುವರು. ಹಸಿಯ ಕಳಲೆಯಲ್ಲಿ ಸಯನೈಡ್ ವಿಷವನ್ನು ಹುಟ್ಟಿಸುವ ವಸ್ತುವಿರುವುದರಿಂದ, ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಮತ್ತೆ ಮತ್ತೆ ಚೆಲ್ಲಿ, ಚೆನ್ನಾಗಿ ಬೇಯಿಸಿದ ಮೇಲೆಯೇ ಬಡಿಸುವರು. ಅನಾಗರಿಕವೆಂದು ಹೊರಗಿನವರು ಎಣಿಸುವ ಅಡಿಗೆಯಲ್ಲಿ ಎಷ್ಟು ತಲೆಮಾರುಗಳ ತಿಳಿವಳಿಕೆಯು ಅಡಗಿದೆಯೆಂಬುದನ್ನು ಇದರಿಂದ ಊಹಿಸಬಹುದು.

ಹೊಸ ಊಟವು ಎದುರಾದಾಗ, ಅದನ್ನು ಹೇಗೆ ಮಾಡುವರು, ಹೇಗೆ ಉಣ್ಣುವರು ಎಂದು ಮೊದಲು ವಿನಯದಿಂದ ಕೇಳತಕ್ಕದ್ದು. ಬಳಿಕ ಸ್ವಲ್ಪವೇ ಬಡಿಸಿಕೊಂಡು ರುಚಿ ನೋಡತಕ್ಕದ್ದು. ದೇಹಕ್ಕೆ ಒಗ್ಗದಿದ್ದರೆ, ಅಥವಾ ಮನೆಯ ಆಚಾರಕ್ಕೆ ಸಲ್ಲದಿದ್ದರೆ, ಹಳಿಯದೆ, ಕೈಮುಗಿದು ಬೇಡವೆನ್ನಬಹುದು. ಸಿಗಡಿ, ಏಡಿಗಳು ಒಗ್ಗದವರಿಗೆ ಇರುವೆ ಮೊದಲಾದ ಕೀಟಗಳೂ ಒಗ್ಗದಿರಬಹುದಾದುದರಿಂದ ಅಂಥವರು ಎಚ್ಚರವಾಗಿರಬೇಕು.

ತಾಯಿತಂದೆಗಳಿಗೂ ಒಂದು ಮಾತು. ಮಕ್ಕಳು ಹೊಸ ರುಚಿಯನ್ನು ಮೊದಲ ದಿನವೇ ಒಪ್ಪದಿರುವುದು ಸಹಜ. ಬಲವಂತಮಾಡದೆ ಎಂಟು ಹತ್ತು ಸಲ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಅನೇಕ ಮಕ್ಕಳು ಒಪ್ಪಿಕೊಳ್ಳುವರು. ದೂರದ ಊರಿನ ಅತಿಥಿಯು ನಿಮ್ಮ ಮನೆಗೆ ಬಂದು ಮುದ್ದೆಯ ಮುಂದೆ ತಬ್ಬಿಬ್ಬಾದರೆ ನಗಬೇಡಿರಿ. ಚಿಕ್ಕ ಮುದ್ದೆಯೊಂದನ್ನು ಬಡಿಸಿ, ನುಂಗುವ ಕ್ರಮವನ್ನು ತೋರಿಸಿಕೊಡಿರಿ. ನಾಳೆ ನಿಮ್ಮ ಮಗಳು ಪರರ ಮನೆಯಲ್ಲಿ ಉಣ್ಣಲು ಕುಳಿತಾಗ ಅವಳಿಗೂ ಅಂತಹ ಆದರವೇ ದೊರೆಯಲೆಂದು ನಾವೆಲ್ಲರೂ ಬಯಸುವೆವಷ್ಟೆ.