ಮೆರುಗಿನ ಮರದ ಆರೈಕೆ

ಮೇಜಿನ ಮೇಲಿಂದ ಬಿಸಿ ಕಾಫಿಯ ಲೋಟವನ್ನು ಎತ್ತಿದಾಗ ಅಲ್ಲಿ ಬಿಳಿಯ ಬಳೆಯೊಂದು ಉಳಿದಿರುವುದನ್ನು ಕಂಡು ಪೇಚಾಡದ ಗೃಹಸ್ಥರು ವಿರಳ. ನಮ್ಮ ತಂದೆಯವರು ಬರೆಯುತ್ತಿದ್ದ ಬೀಟೆಯ ಮೇಜಿನ ಮೇಲೂ ಅಂತಹ ಗುರುತೊಂದು ಬಿದ್ದಿತು. ಮೆರುಗು ಹಾಕುವವರು ಸ್ಪಿರಿಟ್ಟನ್ನು ಬಳಸುವುದನ್ನು ನೋಡಿದ್ದ ನಾನು ಅದರಿಂದಲೇ ಕಲೆಯನ್ನು ಒರೆಸಿದೆ. ಕಲೆಯೇನೋ ಹೋಯಿತು, ಅದರೊಡನೆ ಅಂಗೈಯಗಲದ ಮೆರುಗೂ ಬಟ್ಟೆಗೆ ಅಂಟಿಕೊಂಡು ಬಂದಿತು. ಮೆರುಗು ಯಾವುದೆಂದು ಅರಿಯದೆ ಅದಕ್ಕೆ ಚಿಕಿತ್ಸೆ ಮಾಡಬಾರದೆಂಬ ಪಾಠವನ್ನು ಅಂದು ಕಲಿತೆ.

ಹಳೆಯ ಮೇಜು ಕುರ್ಚಿಗಳಲ್ಲಿ ಹೆಚ್ಚಾಗಿ ಕಾಣುವುದು ಫ್ರೆಂಚ್ ಪಾಲಿಷ್. ಹೆಸರು ಪರದೇಶದ್ದಾದರೂ ಅದರ ಮೂಲವಸ್ತು ನಾವು ಬಲ್ಲ ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಈ ಅಂಟನ್ನು ಶುದ್ಧಿಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿ, ತೆಳುವಾಗಿ ಮತ್ತೆ ಮತ್ತೆ ಬಳಿಯುತ್ತಾರೆ. ಸ್ಪಿರಿಟ್ಟು ಆರಿಹೋಗಿ ಅರಗಿನ ಪೊರೆ ನಿಲ್ಲುತ್ತದೆ. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಶಾಖದಿಂದಲೇ ಅದನ್ನು ಕರಗಿಸುತ್ತಾರೆ.

ಈ ಪೊರೆಯ ಗುಣವನ್ನು ತಿಳಿದರೆ ಅದರ ಶತ್ರುಗಳೂ ತಿಳಿದಂತೆಯೇ. ಸ್ಪಿರಿಟ್ಟು ಅದನ್ನು ಕರಗಿಸುತ್ತದೆ. ಸೋಡದ ನೀರೂ ಹಾಗೆಯೇ. ಸುಮಾರು 75 ಡಿಗ್ರಿ ಸೆಂಟಿಗ್ರೇಡಿನ ಶಾಖಕ್ಕೆ ಅರಗು ಕರಗುವುದರಿಂದ, ಒಲೆಯಿಂದಿಳಿಸಿದ ಪಾತ್ರೆಯನ್ನು ಅದು ತಡೆಯಲಾರದು. ಇನ್ನು ತೇವವು ಪೊರೆಯೊಳಗೆ ಸಿಕ್ಕಿಕೊಂಡು ಬೆಳಕನ್ನು ಚದರಿಸುವುದರಿಂದ ಬಿಳಿಯ ಬಳೆ ಕಾಣುತ್ತದೆ. ಅವಸರ ಬೇಡ, ಗಾಳಿಯಾಡುವೆಡೆಯಲ್ಲಿ ಕೆಲವು ದಿನ ಬಿಟ್ಟರೆ ಅನೇಕ ವೇಳೆ ಅದು ತಾನಾಗಿಯೇ ಮಾಯುವುದುಂಟು. ಕಪ್ಪು ಕಲೆಯ ಮಾತು ಬೇರೆ. ಅಲ್ಲಿ ನೀರು ಪೊರೆಯನ್ನು ದಾಟಿ ಮರವನ್ನು ಮುಟ್ಟಿದೆ. ಮರದ ಒಗರಿನೊಡನೆ ಕಬ್ಬಿಣದ ಅಂಶ ಕೂಡಿ ಕರಿದಾಗಿದೆ. ಅಳಲೆಕಾಯಿಯ ರಸಕ್ಕೆ ಅನ್ನಭೇದಿಯನ್ನು ಬೆರೆಸಿದರೆ ಮಸಿಯಾಗುವುದೂ ಇದೇ ಕ್ರಮದಿಂದ. ಅದನ್ನು ಬಲ್ಲವರ ಕೈಗೆ ಒಪ್ಪಿಸುವುದು ಲೇಸು.

ಎಲ್ಲ ಮೆರುಗೂ ಅರಗಿನದಲ್ಲ. ಸಂಶಯವಿದ್ದಲ್ಲಿ ಮೇಜಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಒಂದು ತೊಟ್ಟು ಸ್ಪಿರಿಟ್ಟನ್ನು ಹಚ್ಚಿ ನೋಡಬಹುದು. ಅಂಟಂಟಾದರೆ ಅರಗು, ಇತ್ತೀಚಿನ ಪಾಲಿಯುರೆಥೇನ್ ಲೇಪವಾದರೆ ಕದಲದು.

ನಿತ್ಯದ ಆರೈಕೆ ಸುಲಭ. ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಮರದ ಎಳೆಯ ಜಾಡಿನಲ್ಲಿಯೇ ಧೂಳನ್ನು ಒರೆಸಬೇಕು. ವರ್ಷಕ್ಕೊಮ್ಮೆ, ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣವನ್ನು ತೆಳ್ಳಗೆ ಸವರಿ ಉಜ್ಜಿದರೆ ಸಾಕು. ಟರ್ಪೆಂಟೈನು ಅರಗನ್ನು ಕರಗಿಸುವುದಿಲ್ಲ. ಆದರೆ ಅದು ಬೇಗ ಹತ್ತಿಕೊಳ್ಳುವ ವಸ್ತುವಾದುದರಿಂದ ಒಲೆಯ ಬಳಿಗೆ ಒಯ್ಯಲಾಗದು. ಅಗಸೆ ಎಣ್ಣೆಯನ್ನು ಬಳಸುವವರು ಇನ್ನೂ ಎಚ್ಚರದಿಂದಿರಬೇಕು: ಎಣ್ಣೆ ಹೀರಿದ ಚಿಂದಿಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ, ತನ್ನಷ್ಟಕ್ಕೆ ಕಾವೇರಿ ಉರಿಯೆದ್ದೀತು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ನೆನೆಹಾಕಬೇಕು.

ನಮ್ಮ ತಂದೆಯವರ ಮೇಜಿನ ಗತಿಯೇನಾಯಿತೆಂದು ಕೇಳುವಿರಾ? ಕುಶಲನಾದ ಕೆಲಸಗಾರನೊಬ್ಬ ಹೊಸ ಅರಗನ್ನು ಬಳಿದನು. ಅದರಲ್ಲಿದ್ದ ಸ್ಪಿರಿಟ್ಟು ಹಳೆಯ ಪೊರೆಯ ಅಂಚನ್ನು ಕರಗಿಸಿ ಎರಡನ್ನೂ ಒಂದುಮಾಡಿತು. ನಾನು ಯಾವುದರಿಂದ ಕೆಡಿಸಿದೆನೋ ಅದರಿಂದಲೇ ಅವನು ಸರಿಪಡಿಸಿದನು. ಅವನು ಅರಗಿನ ಸ್ವಭಾವವನ್ನು ಬಲ್ಲವನಾಗಿದ್ದನು.